ಅನಾನಸ್ ಘಟಕದ ಸಿಹಿ ನೀರಿನಿಂದ ಯೀಸ್ಟ್ ಪಶು ಆಹಾರ: ಶಿರಸಿ ಸೀಮೆಯ ಸಣ್ಣ ಘಟಕಗಳಿಗೆ ಸಮಗ್ರ ಮಾರ್ಗದರ್ಶಿ

ಅಮ್ಮ ಅಕ್ಕಿ ತೊಳೆದ ನೀರನ್ನು ಎಂದೂ ಬಚ್ಚಲಿಗೆ ಚೆಲ್ಲಿದವಳಲ್ಲ. ಅದು ಅಕ್ಕಚ್ಚಿನ ಬಾನಿಗೆ ಸೇರಿ ಸಂಜೆ ಕೊಟ್ಟಿಗೆಗೆ ಹೋಗುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವನಿಗೆ ಹಣ್ಣು ಸಂಸ್ಕರಣೆಯ ಘಟಕದ ಚರಂಡಿ ನೋಡುವುದೇ ಸಂಕಟ. ಬನವಾಸಿ ಸುತ್ತ ಅನಾನಸ್ ಕೊಯ್ಲು ಜೋರಾದಾಗ ನಮ್ಮಲ್ಲಿ ದಿನವಿಡೀ ಹೆಚ್ಚುವುದು, ಹಿಂಡುವುದು, ಕುದಿಸುವುದು. ಮೇಜಿನಿಂದ ಸೋರಿದ ರಸ, ಸಿಪ್ಪೆಯಿಂದ ಇಳಿದ ರಸ, ಕಡಾಯಿಯ ಮೊದಲ ತೊಳೆ ನೀರು ಎಲ್ಲ ಸೇರಿ ಹಿಂದಿನ ಗುಂಡಿಗೆ ಹೋಗುತ್ತಿದ್ದವು. ಮರುದಿನಕ್ಕೆ ಹುಳಿ ವಾಸನೆ, ಮೂರನೇ ದಿನಕ್ಕೆ ನೊಣ. ಮಳೆ ಬಂದರೆ ಗುಂಡಿ ತುಂಬಿ ಹಳ್ಳಕ್ಕೆ, ಅಲ್ಲಿಂದ ವರದಾ ನದಿಗೆ.

ಆ ನೀರಿನಲ್ಲಿರುವುದು ಸಕ್ಕರೆ. ಸಕ್ಕರೆಯನ್ನು ತಿಂದು ಪ್ರೋಟೀನ್ ಕಟ್ಟುವ ಜೀವಿ ಯೀಸ್ಟ್. ಗಾಳಿ ಚೆನ್ನಾಗಿ ಸಿಕ್ಕರೆ 1 ಕಿಲೋ ಸಕ್ಕರೆಯಿಂದ ಸುಮಾರು ಅರ್ಧ ಕಿಲೋ ಒಣ ಯೀಸ್ಟ್ ಬೆಳೆಯುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪ್ರೋಟೀನ್. ಮೊದಲ ಮಹಾಯುದ್ಧದ ಕಾಲದಲ್ಲಿ ಹೊರಗಿನ ಮೇವು ನಿಂತುಹೋದ ಜರ್ಮನಿ ಕಾಕಂಬಿಯಲ್ಲಿ ಯೀಸ್ಟ್ ಬೆಳೆಸಿ ದನಗಳಿಗೆ ಹಾಕಿತ್ತು. ಸ್ವೀಡನ್‌ನಲ್ಲಿ ಆಲೂಗಡ್ಡೆ ಕಾರ್ಖಾನೆಯ ಪಿಷ್ಟದ ನೀರಿಗೆ ಎರಡು ಬಗೆಯ ಯೀಸ್ಟ್ ಒಟ್ಟಿಗೆ ಬಿಟ್ಟರು: ಒಂದು ಪಿಷ್ಟವನ್ನು ಒಡೆದು ಸಕ್ಕರೆ ಮಾಡುವುದು, ಇನ್ನೊಂದು ಆ ಸಕ್ಕರೆಯಲ್ಲಿ ಬೆಳೆಯುವುದು. ಸಿಂಬಾ ವಿಧಾನ ಎಂದು ಅದಕ್ಕೆ ಹೆಸರು. ನಾನು ಇಲ್ಲಿ ಬರೆಯುತ್ತಿರುವುದು ಇದೇ ಕೆಲಸದ ಚಿಕ್ಕ ರೂಪ, ಒಂದು ಸಾವಿರ ಲೀಟರಿನ ಟ್ಯಾಂಕಿನಲ್ಲಿ 700 ಲೀಟರ್ ನೀರಿನ ಲೆಕ್ಕ.

ಆ 700 ಲೀಟರಿನಲ್ಲಿ ಶೇ 1ರಷ್ಟು ಸಕ್ಕರೆ ಇದ್ದರೆ 7 ಕಿಲೋ ಸಕ್ಕರೆ, ಅದರಿಂದ ಮೂರೂವರೆ ಕಿಲೋ ಒಣ ಯೀಸ್ಟ್. ಸೋಸುವಾಗ, ಹಿಂಡುವಾಗ ಹೋಗುವುದು ಹೋಗಿ ಕೈಗೆ ಸಿಗುವುದು 3 ಕಿಲೋ. ಇಷ್ಟೇ ಸಿಗುತ್ತದೆಂದು ಮೊದಲೇ ತಿಳಿದುಕೊಂಡು ಇಳಿಯಿರಿ. ಇದನ್ನೇ ಮಾರಿ ಬದುಕುವ ಲೆಕ್ಕ ಹಾಕಬೇಡಿ. ಹೇಗೂ ಸ್ವಚ್ಛ ಮಾಡಲೇಬೇಕಾದ ನೀರು ಸ್ವಚ್ಛವಾಗುವ ದಾರಿಯಲ್ಲಿ ಕೊಟ್ಟಿಗೆಗೂ ಏನಾದರೂ ಕೊಟ್ಟು ಹೋಗಲಿ ಎನ್ನುವವರಿಗೆ ಇದು ಸರಿಯಾದ ಕೆಲಸ.

ಮೊದಲು ನೀರು ಬೇರೆ ಮಾಡಿ

ಅರ್ಧ ಕೆಲಸ ಇಲ್ಲೇ ಇದೆ. ಘಟಕದ ನೀರೆಲ್ಲ ಒಂದೇ ಚರಂಡಿಗೆ ಬೀಳುತ್ತಿದ್ದರೆ ಅದರಿಂದ ಪಶು ಆಹಾರ ಮಾಡುವ ಯೋಚನೆಯನ್ನು ಅಲ್ಲಿಗೇ ಬಿಡಿ. ಮೂರು ಬಗೆಯ ನೀರಿದೆ. ಹಣ್ಣು ಬಂದ ಕೂಡಲೇ ತೊಳೆಯುವ ನೀರಿನಲ್ಲಿ ಮಣ್ಣು, ಔಷಧಿಯ ಶೇಷ, ಒಮ್ಮೆಗೇ ಹೂ ಬರಲೆಂದು ತೋಟದಲ್ಲಿ ಹೊಡೆಯುವ ಎಥೆಫಾನ್‌ನಂಥವು ಇರಬಹುದು. ಅದು ಬೇಡ. ಸಂಜೆ ಕಾಸ್ಟಿಕ್ ಸೋಡಾ, ಕ್ಲೋರಿನ್ ಹಾಕಿ ಪಾತ್ರೆ, ನೆಲ ತೊಳೆದ ನೀರೂ ಬೇಡ. ಬೇಕಾದದ್ದು ನಡುವಿನದು: ಹೆಚ್ಚುವ ಮೇಜಿನ ರಸ, ಸಿಪ್ಪೆ ಮತ್ತು ದಿಂಡು ಹಿಂಡಿ ಬಂದ ರಸ, ಕಡಾಯಿ ಹಾಗೂ ಪಲ್ಪರ್ ಯಂತ್ರದ ಮೊದಲ ತೊಳೆ ನೀರು. ಅದೂ ಸೋಪು ಮುಟ್ಟದ ನೀರು.

ನಾವು ಮೇಜಿನ ಕೆಳಗೆ ಸ್ಟೀಲಿನ ದೋಣಿ ಕೂರಿಸಿ, ಅದರಿಂದ ಎರಡಿಂಚಿನ ಪೈಪ್ ಎಳೆದು, ಮುಚ್ಚಳವಿರುವ ಬೇರೆ ಡ್ರಮ್ಮಿಗೆ ಬಿಟ್ಟೆವು. ಪೈಪಿನ ಬಾಯಿಗೆ ಒಂದು ವಾಲ್ವ್. ತೊಳೆಯಲು ಸೋಪಿನ ಡಬ್ಬಿ ಕೈಗೆ ತೆಗೆದುಕೊಳ್ಳುವ ಮೊದಲು ವಾಲ್ವ್ ತಿರುಗಿಸಬೇಕು ಎಂಬ ಒಂದೇ ನಿಯಮ. ಕೆಲಸಕ್ಕೆ ಬರುವ ಅಕ್ಕಂದಿರಿಗೆ ಈ ನೀರು ದನದ ಬಾಯಿಗೆ ಹೋಗುತ್ತದೆ ಎಂದು ಹೇಳಿದ ದಿನದಿಂದ ನಾನು ಒಮ್ಮೆಯೂ ನೆನಪಿಸಬೇಕಾಗಿ ಬಂದಿಲ್ಲ.

ಹಣ್ಣಿನ ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರ್ ಒಂದು ಬೇಕು. ಜ್ಯೂಸ್ ಮಾಡುವವರ ಬಳಿ ಇದ್ದೇ ಇರುತ್ತದೆ. ಸಿಪ್ಪೆಯ ರಸ ಗಟ್ಟಿ, ತೊಳೆ ನೀರು ತೆಳು. ಎರಡನ್ನೂ ಬೆರೆಸಿ 1ರಿಂದ 1.5 ಬ್ರಿಕ್ಸಿಗೆ, ಅಂದರೆ ಸುಮಾರು ಶೇ 1ರಿಂದ 1.5 ಸಕ್ಕರೆಗೆ ತನ್ನಿ. ಸಕ್ಕರೆ ಹೆಚ್ಚಿದ್ದರೆ ಬೆಳೆಯೂ ಹೆಚ್ಚು ಎಂದು 4, 5 ಬ್ರಿಕ್ಸ್ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಅಷ್ಟು ಸಕ್ಕರೆಗೆ ಬೇಕಾದ ಗಾಳಿಯನ್ನು ಸಣ್ಣ ಬ್ಲೋವರ್ ಕೊಡಲಾರದು, ಯೀಸ್ಟ್ ಬೆಳೆಯುವುದನ್ನು ಬಿಟ್ಟು ಹೆಂಡ ಮಾಡತೊಡಗುತ್ತದೆ.

ನಮ್ಮ ಜಿಲ್ಲೆಯ ಬೇರೆ ನೀರುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಕುಮಟಾ, ಹೊನ್ನಾವರ ಕಡೆ ಕೊಬ್ಬರಿ ಮಾಡುವವರು ಚೆಲ್ಲುವ ಬಲಿತ ತೆಂಗಿನಕಾಯಿಯ ನೀರು ಇದಕ್ಕೆ ಬಹಳ ಒಳ್ಳೆಯದು. ಪನೀರ್ ಒಡೆದ ನೀರೂ ಆಗುತ್ತದೆ, ಆದರೆ ಅದರ ಲ್ಯಾಕ್ಟೋಸ್ ಸಕ್ಕರೆಯನ್ನು ಎಲ್ಲ ಯೀಸ್ಟ್ ತಿನ್ನುವುದಿಲ್ಲ. ಗೇರುಹಣ್ಣಿನ ರಸದಲ್ಲಿ ಒಗರು ಇದೆ, ಅನುಭವವಾದ ಮೇಲೆ ನೋಡಬಹುದು. ಅಡಿಕೆ ಬೇಯಿಸಿದ ಚೊಗರು ಖಂಡಿತ ಬೇಡ, ಅದರ ಟ್ಯಾನಿನ್ ಪ್ರೋಟೀನನ್ನೇ ಹಿಡಿದುಹಾಕುತ್ತದೆ. ಕಾರವಾರ, ತದಡಿ, ಭಟ್ಕಳದ ಮೀನು ಘಟಕಗಳ ನೀರು ಬೇರೆಯೇ ಪ್ರಪಂಚ. ಉಪ್ಪು, ರಕ್ತ, ರೋಗಾಣು ಎಲ್ಲ ಇರುವ ಆ ನೀರಿಗೆ ಈ ವಿಧಾನ ಹೊಂದುವುದಿಲ್ಲ.

ಯಾವ ಯೀಸ್ಟ್

ಎರಡು ಹೆಸರು ನೆನಪಿಡಿ. ಒಂದು ಟೊರುಲಾ ಯೀಸ್ಟ್, ಪುಸ್ತಕಗಳಲ್ಲಿ ಕ್ಯಾಂಡಿಡಾ ಯೂಟಿಲಿಸ್ ಎಂದಿರುತ್ತದೆ. ಇನ್ನೊಂದು ಕ್ಲೂವೆರೊಮೈಸಿಸ್ ಮಾರ್ಕ್ಸಿಯಾನಸ್. ಗಾಳಿ ಸರಿಯಾಗಿ ಸಿಗುತ್ತಿರುವಾಗ ಇವೆರಡೂ ಸಕ್ಕರೆಯನ್ನು ಆಲ್ಕೋಹಾಲ್ ಮಾಡಿ ಹಾಳು ಮಾಡುವುದಿಲ್ಲ. ಬೇಕರಿಯ ಯೀಸ್ಟ್ ಹಾಗಲ್ಲ, ಗಾಳಿ ಎಷ್ಟೇ ಇದ್ದರೂ ಸಕ್ಕರೆ ತುಸು ಹೆಚ್ಚಾದರೆ ಹೆಂಡಕ್ಕೆ ತಿರುಗುತ್ತದೆ. ಕೈ ಪಳಗಿಸಿಕೊಳ್ಳಲು ಬೇಕರಿ ಯೀಸ್ಟನ್ನು ಬಕೆಟಿನಲ್ಲಿ ಬೆಳೆಸಿ ನೋಡಿ, ನಿತ್ಯದ ಕೆಲಸಕ್ಕೆ ಬೇಡ.

ಟೊರುಲಾಗೆ 30ರಿಂದ 32 ಡಿಗ್ರಿ ಹಿತ, 36 ದಾಟಿದರೆ ಸೊರಗುತ್ತದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಕ್ಕೆ ಅದು ಸರಿ. ಕ್ಲೂವೆರೊಮೈಸಿಸ್ 40 ಡಿಗ್ರಿಯಲ್ಲೂ ಬೆಳೆಯುತ್ತದೆ, ಲ್ಯಾಕ್ಟೋಸನ್ನೂ ತಿನ್ನುತ್ತದೆ. ಅಂಕೋಲಾ, ಕಾರವಾರದ ಏಪ್ರಿಲ್ ಸೆಕೆಯಲ್ಲಿ ಕೆಲಸ ಮಾಡುವವರು ಇದನ್ನೇ ತೆಗೆದುಕೊಳ್ಳಿ.

ತಳಿಯನ್ನು ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹಗಳಿಂದ ತರಿಸಿ. ಮೇವಿಗೆ ಬಳಸಲು ತಕ್ಕ ತಳಿ ಬೇಕೆಂದು ಸ್ಪಷ್ಟವಾಗಿ ಬರೆದು ಕೇಳಿ. ಹಣ್ಣಿನ ಸಿಪ್ಪೆಯ ಮೇಲೆ ತಾನಾಗಿ ಬಂದ ಯೀಸ್ಟನ್ನು ಬೆಳೆಸಬೇಡಿ. ಅದೇ ಕ್ಯಾಂಡಿಡಾ ಹೆಸರಿನವುಗಳಲ್ಲಿ ರೋಗ ತರುವವೂ ಇವೆ, ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ.

ಬೀಜ ಬೆಳೆಸುವುದು

ಹೆಪ್ಪು ಹಾಕಿದಂತೆಯೇ ಇದು. ಒಂದೇ ಸಲಕ್ಕೆ 700 ಲೀಟರಿಗೆ ಒಂದು ಚಮಚ ಹಾಕಿದರೆ ಯೀಸ್ಟ್ ಏಳುವ ಮೊದಲೇ ಬೇರೆ ಬ್ಯಾಕ್ಟೀರಿಯಾ ಎದ್ದುಬಿಡುತ್ತದೆ. ಹತ್ತು ಪಟ್ಟಿನಂತೆ ಮೇಲೇರಿ: ಪರೀಕ್ಷಾ ನಾಳದ ತಳಿಯಿಂದ ಅರ್ಧ ಲೀಟರ್, ಅದರಿಂದ 5 ಲೀಟರ್, ಅದರಿಂದ 50ರಿಂದ 70 ಲೀಟರ್. ಮೊದಲ ಎರಡಕ್ಕೆ ಲೀಟರಿಗೆ 20 ಗ್ರಾಂ ಬೆಲ್ಲ, ಚಿಟಿಕೆ ಡಿಎಪಿ, ಚಿಟಿಕೆ ಯೂರಿಯಾ ಹಾಕಿದ ನೀರನ್ನು ಪ್ರೆಶರ್ ಕುಕ್ಕರಿನಲ್ಲಿ 20 ನಿಮಿಷ ಬೇಯಿಸಿ, ಮುಚ್ಚಿದಂತೆಯೇ ತಣಿಸಿ ಬಳಸಿ. 50 ಲೀಟರಿನ ಹಂತಕ್ಕೆ ಅನಾನಸ್ ನೀರನ್ನೇ ಹಂಡೆಯಲ್ಲಿ 80 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿ ತಣಿಸಿದರೆ ಸಾಕು. ಪ್ರತಿ ಹಂತಕ್ಕೂ ಒಂದು ದಿನ, ಗಾಳಿ ನಿರಂತರ.

ದೊಡ್ಡ ಟ್ಯಾಂಕಿನ 700 ಲೀಟರನ್ನೂ ಕಾಯಿಸಬೇಕೆ ಎಂದು ಹಲವರು ಕೇಳುತ್ತಾರೆ. ನಾನು ಕಾಯಿಸುವುದಿಲ್ಲ. ಅಷ್ಟು ನೀರು ಬಿಸಿಮಾಡಲು ಹೋಗುವ ಸೌದೆಯ ಮುಂದೆ ಸಿಗುವ ಯೀಸ್ಟ್ ಕಡಿಮೆ. ಅದರ ಬದಲು ನೀರು ಅದೇ ದಿನದ್ದಾಗಿರಬೇಕು, ಹುಳಿ ಇರಬೇಕು, ಬೀಜ ಹತ್ತನೇ ಒಂದು ಭಾಗಕ್ಕೆ ಕಡಿಮೆ ಇರಬಾರದು. ಈ ಮೂರೂ ಸೇರಿದರೆ ಯೀಸ್ಟೇ ಗೆಲ್ಲುತ್ತದೆ.

ಟ್ಯಾಂಕು ಮತ್ತು ಗಾಳಿ

ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಟ್ಯಾಂಕ್, ತಳ ಶಂಕುವಿನಾಕಾರದ್ದು ಸಿಕ್ಕರೆ ಉತ್ತಮ. ನೊರೆಗೆ ಮೇಲೆ ಮೂರನೇ ಒಂದು ಭಾಗ ಖಾಲಿ ಬಿಡಿ. ತಳದಲ್ಲಿ ಸಣ್ಣ ಗುಳ್ಳೆ ಬಿಡುವ ಡಿಫ್ಯೂಸರ್‌ಗಳು.

ಗಾಳಿಯ ಲೆಕ್ಕ ಹೀಗಿದೆ. 1 ಕಿಲೋ ಒಣ ಯೀಸ್ಟ್ ಬೆಳೆಯಲು ಸುಮಾರು ಮುಕ್ಕಾಲು ಕಿಲೋ ಆಮ್ಲಜನಕ ನೀರಿನಲ್ಲಿ ಕರಗಬೇಕು. ಮೂರೂವರೆ ಕಿಲೋಗೆ ಸುಮಾರು 2.6 ಕಿಲೋ. ಒಂದು ಘನ ಮೀಟರ್ ಗಾಳಿಯಲ್ಲಿ ಆಮ್ಲಜನಕ ಇರುವುದೇ ಕಾಲು ಕಿಲೋ ಚಿಲ್ಲರೆ. ಒಂದು ಮೀಟರ್ ಆಳದ ಟ್ಯಾಂಕಿನಲ್ಲಿ ಅದರಲ್ಲಿ ನೂರಕ್ಕೆ ನಾಲ್ಕೈದು ಪಾಲು ಮಾತ್ರ ಕರಗಿ, ಉಳಿದದ್ದು ಗುಳ್ಳೆಯಾಗಿ ಹಾರಿಹೋಗುತ್ತದೆ. ಹಾಗಾಗಿ ಲೀಟರ್ ನೀರಿಗೆ ನಿಮಿಷಕ್ಕೆ ಒಂದು ಲೀಟರ್ ಗಾಳಿ, ಅಂದರೆ 700 ಲೀಟರಿಗೆ ಗಂಟೆಗೆ ಸುಮಾರು 40 ಘನ ಮೀಟರ್ ಕೊಡುವ ಬ್ಲೋವರ್ ಬೇಕು. ಮೀನಿನ ತೊಟ್ಟಿಯ ಪಂಪು ಇಲ್ಲಿ ಏನೂ ಮಾಡುವುದಿಲ್ಲ. ಸಿಗಡಿ ಮರಿ ಕೇಂದ್ರಗಳು ಬಳಸುವ ರಿಂಗ್ ಬ್ಲೋವರ್ ಈ ಅಳತೆಗೆ ಸರಿಹೋಗುತ್ತದೆ.

ಯೀಸ್ಟ್ ಉಸಿರಾಡಿದಷ್ಟೂ ಬಿಸಿ. ಶಾಖ ಎಲ್ಲೂ ಹೋಗದಿದ್ದರೆ ಈ ಬೆಳೆಯಿಂದಲೇ ನೀರು 12 ಡಿಗ್ರಿಯಷ್ಟು ಏರಬಹುದು. ಗಾಳಿಯ ಜೊತೆ ಆವಿಯಾಗಿ ಸ್ವಲ್ಪ ಹೋಗುತ್ತದೆ, ಉಳಿದದ್ದಕ್ಕೆ ಟ್ಯಾಂಕಿನೊಳಗೆ ಸ್ಟೀಲ್ ಪೈಪಿನ ಸುರುಳಿ ಇಳಿಸಿ ಬಾವಿ ನೀರು ಹರಿಸಿ.

ಯೀಸ್ಟಿಗೆ ಗೊಬ್ಬರ

700 ಲೀಟರಿಗೆ, 7 ಕಿಲೋ ಸಕ್ಕರೆಯ ಲೆಕ್ಕದಲ್ಲಿ: ಯೂರಿಯಾ 500 ಗ್ರಾಂ, ಡಿಎಪಿ 225 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 100 ಗ್ರಾಂ. ಯೀಸ್ಟಿನ ಒಣ ತೂಕದ ನೂರಕ್ಕೆ ಎಂಟು ಪಾಲು ಸಾರಜನಕ, ಅದರಿಂದ ಬಂದ ಅಂಕಿ ಇದು. ಸಕ್ಕರೆ ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಇದನ್ನೂ ಇಳಿಸಿ.

ಸೊಸೈಟಿಯಿಂದ ತೋಟಕ್ಕೆ ತಂದ ಯೂರಿಯಾ ಚೀಲಕ್ಕೆ ಕೈ ಹಾಕಬೇಡಿ. 2015ರಿಂದ ಅದು ಬೇವು ಲೇಪಿತ. ಸಬ್ಸಿಡಿ ಗೊಬ್ಬರವನ್ನು ಘಟಕಕ್ಕೆ ಬಳಸುವುದು ಕಾನೂನಿಗೂ ವಿರುದ್ಧ. ಲೇಪವಿಲ್ಲದ ಶುದ್ಧ ಯೂರಿಯಾ ಮತ್ತು ಡಿಎಪಿಯನ್ನು ರಾಸಾಯನಿಕ ಅಂಗಡಿಯಿಂದಲೇ ಕೊಳ್ಳಿ.

ಯೂರಿಯಾ ಹೆಚ್ಚಾದರೆ ಏನು ಮಹಾ ಎಂದುಕೊಳ್ಳುವವರು ಒಂದು ವಿಷಯ ತಿಳಿಯಬೇಕು. ಲ್ಯಾಬಿನಲ್ಲಿ ಕಚ್ಚಾ ಪ್ರೋಟೀನ್ ಅಳೆಯುವುದೆಂದರೆ ಸಾರಜನಕವನ್ನು ಅಳೆದು 6.25ರಿಂದ ಗುಣಿಸುವುದು. ತಿನ್ನದೆ ಉಳಿದ ಯೂರಿಯಾವೂ ಅಲ್ಲಿ ಪ್ರೋಟೀನ್ ಆಗಿಯೇ ಕಾಣುತ್ತದೆ. ವರದಿಯಲ್ಲಿ ಅಂಕಿ ಚೆನ್ನಾಗಿರುತ್ತದೆ, ಕೋಳಿ ಮಾತ್ರ ಸೊರಗುತ್ತದೆ. ಯೀಸ್ಟಿನ ನ್ಯೂಕ್ಲಿಯಿಕ್ ಆಮ್ಲವೂ ಇದೇ ರೀತಿ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ನಿಜ ಪ್ರೋಟೀನ್ ಎಷ್ಟೆಂದು ಬೇರೆಯಾಗಿ ಪರೀಕ್ಷೆ ಮಾಡಿಸಿ.

ನಡೆಸುವುದು

ಸಂಜೆ 5ಕ್ಕೆ ನೀರು ತುಂಬಿ ಬೀಜ ಹಾಕಿದರೆ ಬೆಳಗ್ಗೆ 8, 9ರ ಹೊತ್ತಿಗೆ ಕೆಲಸ ಮುಗಿಯುತ್ತದೆ. ರಾತ್ರಿಯ ತಂಪೂ ಸಿಗುತ್ತದೆ. ಮೊದಲ ಎರಡು ಗಂಟೆ ಏನೂ ಆಗದಂತೆ ಕಾಣುತ್ತದೆ. ಆಮೇಲೆ ನೀರಿನ ಬಣ್ಣ ಹಳದಿಯಿಂದ ಹಾಲು ಹೆಚ್ಚಾದ ಚಹದಂತಾಗುತ್ತದೆ, ನೊರೆ ಏರುತ್ತದೆ, ಮುಚ್ಚಳ ತೆಗೆದರೆ ಬಿಸಿ ಬ್ರೆಡ್ಡಿನ ಪರಿಮಳ. ನೊರೆ ಉಕ್ಕಿ ಬಂದರೆ ನಾಲ್ಕೈದು ಹನಿ ತೆಂಗಿನೆಣ್ಣೆ ಸಾಕು, ಕಣ್ಣೆದುರೇ ಕುಸಿಯುತ್ತದೆ.

ನೋಡಬೇಕಾದದ್ದು ಪಿಎಚ್, ಅಂದರೆ ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಅದು 4ರಿಂದ 4.5ರ ನಡುವೆ ಇರಲಿ. ಅನಾನಸ್ ನೀರು ಹೇಗೂ ಹುಳಿ, ಶುರುವಿನಲ್ಲಿ ಏನೂ ಹಾಕಬೇಕಿಲ್ಲ. ಆದರೆ ಯೀಸ್ಟ್ ಸಕ್ಕರೆಯ ಜೊತೆ ಹಣ್ಣಿನ ಹುಳಿಯನ್ನೂ ತಿನ್ನುತ್ತದೆ, ಹಾಗಾಗಿ ರಾತ್ರಿ ಕಳೆದಂತೆ ಪಿಎಚ್ ಏರುತ್ತದೆ. ಅದನ್ನು ತಡೆಯಲು ನಾನು ಯೂರಿಯಾದ ಒಂದು ಭಾಗದ ಬದಲು ಅಮೋನಿಯಂ ಸಲ್ಫೇಟ್ ಹಾಕುತ್ತೇನೆ. ಯೀಸ್ಟ್ ಅಮೋನಿಯಾ ತೆಗೆದುಕೊಂಡಂತೆ ನೀರು ಹುಳಿಯಾಗುತ್ತದೆ, ಎರಡೂ ಸರಿತೂಗುತ್ತವೆ. ಅದರಲ್ಲಿ ಸಾರಜನಕ ಶೇ 21 ಮಾತ್ರ, ಯೂರಿಯಾದಲ್ಲಿ ಶೇ 46. ಹಾಗಾಗಿ 100 ಗ್ರಾಂ ಯೂರಿಯಾಕ್ಕೆ 220 ಗ್ರಾಂ ಬೇಕು.

ಪಿಎಚ್ ಏರಲು ಬಿಡಬಾರದು ಎಂಬುದನ್ನು ನಾನು ಕಲಿತದ್ದು ಒಂದು ಮೇ ತಿಂಗಳ ರಾತ್ರಿ. ಗುಡುಗು ಮಳೆ, ಎರಡು ಗಂಟೆಗೆ ಕರೆಂಟ್ ಹೋಯಿತು, ಬಂದಾಗ ಐದು. ಅಂದು ಪಿಎಚ್ 5.6ಕ್ಕೆ ಏರಿದ್ದನ್ನು ಮಲಗುವ ಮೊದಲು ನೋಡಿಯೂ ಬೆಳಗ್ಗೆ ಸರಿಮಾಡಿದರಾಯಿತು ಎಂದು ಬಿಟ್ಟಿದ್ದೆ. ಬೆಳಗ್ಗೆ ಟ್ಯಾಂಕಿನಿಂದ ಕೆಟ್ಟ ಹುಳಿ ವಾಸನೆ. ಒಂದು ಹನಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೊಟ್ಟೆಯಾಕಾರದ ಯೀಸ್ಟ್ ಕೋಶಗಳ ನಡುವೆಲ್ಲ ಕಡ್ಡಿಯಂಥ ಬ್ಯಾಕ್ಟೀರಿಯಾ ಓಡಾಡುತ್ತಿದ್ದವು. ಅಷ್ಟನ್ನೂ ಗೋಬರ್ ಗ್ಯಾಸ್ ಗುಂಡಿಗೆ ಸುರಿದೆ. ಎರಡು ವಾರದ ಮೇಲೆ ಮತ್ತೆ ಅದೇ ರೀತಿ ಕರೆಂಟ್ ಹೋಯಿತು. ಈ ಸಲ ಪಿಎಚ್ 4.2 ಇತ್ತು. ಹೆಂಡದ ವಾಸನೆ ಬಂದಿತ್ತು ನಿಜ, ಆದರೆ ಸೂಕ್ಷ್ಮದರ್ಶಕದಲ್ಲಿ ಬರೀ ಯೀಸ್ಟ್. ಬ್ಲೋವರ್ ಹಾಕಿ ಬಿಟ್ಟೆ. ಟೊರುಲಾ ಗಾಳಿ ಸಿಕ್ಕ ಮೇಲೆ ತಾನೇ ಮಾಡಿದ ಆಲ್ಕೋಹಾಲನ್ನೂ ತಿನ್ನುತ್ತದೆ. ನಾಲ್ಕು ಗಂಟೆಯಲ್ಲಿ ವಾಸನೆ ಹೋಗಿತ್ತು.

ಹಾಗಾಗಿ ಹೆಂಡದ ವಾಸನೆಗೆ ಗಾಳಿ ಹೆಚ್ಚಿಸಿ. ವಿನೆಗರ್ ವಾಸನೆ ಬಂದು ಕೋಶಗಳ ನಡುವೆ ಕಡ್ಡಿಗಳು ಕಂಡರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ, ಮೇಲೆ ಬಣ್ಣದ ಬೂಸ್ಟು ಕಂಡರೆ ದನಕ್ಕೆ ಹಾಕುವ ಯೋಚನೆ ಬೇಡ, ಗೊಬ್ಬರ ಗುಂಡಿಗೆ ಹೋಗಲಿ. ನಮ್ಮ ಕಡೆಯ ಮಳೆಗಾಲದಲ್ಲಿ ಬ್ಲೋವರಿಗೆ ಜನರೇಟರ್ ಇಲ್ಲದೆ ಈ ಕೆಲಸ ನಡೆಯದು.

ಬ್ರಿಕ್ಸ್ ಇಳಿಯುವುದು ನಿಂತರೆ ಬೆಳೆ ಮುಗಿಯಿತು. ಹತ್ತನೇ ಒಂದು ಭಾಗವನ್ನು ಮುಂದಿನ ಸಲಕ್ಕೆ ಬೀಜವಾಗಿ ಉಳಿಸಿ. ಆರೇಳು ಸಲದ ಮೇಲೆ ಹೊಸ ಬೀಜ ಎಬ್ಬಿಸಿ, ಟ್ಯಾಂಕನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ.

ಕೊಯ್ಲು

ಕಷ್ಟದ ಭಾಗ ಇದು. ಯೀಸ್ಟ್ ಕೋಶ ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗದಷ್ಟು. ಬಟ್ಟೆಯಲ್ಲಿ ನೇರ ಸೋಸಲು ಹೋದರೆ ಅರ್ಧ ದಾಟಿಹೋಗುತ್ತದೆ, ಉಳಿದರ್ಧ ಬಟ್ಟೆಯ ತೂತು ಮುಚ್ಚುತ್ತದೆ. ಕಾರ್ಖಾನೆಗಳಲ್ಲಿ ಸೆಂಟ್ರಿಫ್ಯೂಜ್ ಇರುತ್ತದೆ. ನಮ್ಮ ಅಳತೆಗೆ ದಾರಿ ಹೀಗೆ: ಗಾಳಿ ನಿಲ್ಲಿಸಿ, ಸುರುಳಿಯಲ್ಲಿ ತಣ್ಣೀರು ಹರಿಸುತ್ತಾ ಎಂಟು ಹತ್ತು ಗಂಟೆ ಕದಲಿಸದೆ ಬಿಡಿ. ಮೇಲಿನ ತಿಳಿಯನ್ನು ನಿಧಾನ ಬಸಿದು ತಳದ 70 ಲೀಟರಿನಷ್ಟು ಗಟ್ಟಿ ಕೆನೆ ಉಳಿಸಿಕೊಳ್ಳಿ.

ಈ ಕೆನೆಯನ್ನು ಕಾಯಿಸಲೇಬೇಕು. 85 ಡಿಗ್ರಿ, ಅರ್ಧ ಗಂಟೆ, ತಳ ಹಿಡಿಯದಂತೆ ಕೈಯಾಡಿಸುತ್ತಾ. ಅಡಿಕೆ ಬೇಯಿಸುವ ಒಲೆ, ಅಡಿಕೆ ಸಿಪ್ಪೆಯ ಉರಿ ಸಾಕು. ಜೀವಂತ ಯೀಸ್ಟ್ ಚೆನ್ನಾಗಿ ಜೀರ್ಣವಾಗುವುದಿಲ್ಲ, ಹೊಟ್ಟೆಯಲ್ಲಿ ಹುದುಗಿ ಉಬ್ಬರ ತರಬಹುದು. ಜೊತೆಗೆ ಸಾಲ್ಮೊನೆಲ್ಲಾದಂಥ ರೋಗಾಣು ಸೇರಿದ್ದರೆ ಇಲ್ಲೇ ಸಾಯುತ್ತದೆ. ಕಾದ ಮೇಲೆ ಯೀಸ್ಟ್ ಮುದ್ದೆಗಟ್ಟುವುದರಿಂದ ದಪ್ಪ ಹತ್ತಿ ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರಿದರೆ ನೀರು ಇಳಿಯುತ್ತದೆ.

ನಿಮ್ಮದೇ ದನಗಳಿದ್ದರೆ ಒಣಗಿಸಬೇಡಿ. ಹಸಿ ಮುದ್ದೆಯನ್ನು ಅದೇ ದಿನ ಹಿಂಡಿಗೆ ಕಲಸಿ ಹಾಕಿ, ಸೌದೆಯೂ ಉಳಿಯುತ್ತದೆ, ಶ್ರಮವೂ. ಇಟ್ಟು ಬಳಸುವುದಾದರೆ ಅಕ್ಕಿ ತೌಡಿನ ಜೊತೆ ಕಲಸಿ, ತೆಳ್ಳಗೆ ಹರಡಿ, ಅಡಿಕೆ ಡ್ರೈಯರಿನಲ್ಲಿ 60ರಿಂದ 65 ಡಿಗ್ರಿಗೆ ಒಣಗಿಸಿ. ತೇವ ಶೇ 10ಕ್ಕಿಂತ ಕೆಳಗೆ ಇಳಿಯಬೇಕು. ಜೂನ್ ಬಂದ ಮೇಲೆ ಟಾರ್ಪಾಲಿನ ಮೇಲೆ ಒಣಗಿಸುವ ಪ್ರಯತ್ನ ಬೇಡ, ಬೂಸ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ ಬರಬಹುದು, ಅದು ಹಾಲಿಗೂ ಇಳಿಯುತ್ತದೆ.

ಯಾರಿಗೆ, ಎಷ್ಟು

ಹಾಲು ಕೊಡುವ ದನಕ್ಕೆ ಒಣ ಲೆಕ್ಕದಲ್ಲಿ ದಿನಕ್ಕೆ 50 ಗ್ರಾಂನಿಂದ ಶುರುಮಾಡಿ, ಎರಡು ವಾರದಲ್ಲಿ 250 ಗ್ರಾಂವರೆಗೆ ಏರಿಸಿ, ಅಷ್ಟೇ ಹಿಂಡಿ ಕಡಿಮೆ ಮಾಡಿ. ಕೋಳಿಗೆ ಒಟ್ಟು ಆಹಾರದ ಶೇ 5 ಸಾಕು. ಪ್ರೋಟೀನಿನ ಘಟಕಗಳಲ್ಲಿ ಯೀಸ್ಟಿನಲ್ಲಿ ಲೈಸೀನ್ ಚೆನ್ನಾಗಿದೆ, ಮೆಥಿಯೋನಿನ್ ಕಡಿಮೆ, ಕೋಳಿಗೆ ಮೆಥಿಯೋನಿನ್ ಬೇರೆ ಸೇರಿಸಬೇಕು. ಕೆರೆಯಲ್ಲಿ ಕಟ್ಲಾ, ರೋಹು ಸಾಕುವವರು ಮೀನುಪುಡಿಯ ಕಾಲು ಭಾಗದ ಬದಲು ಹಾಕಿ ನೋಡಬಹುದು. ಪಶುವೈದ್ಯರಿಗೆ ತೋರಿಸಿಯೇ ಶುರುಮಾಡಿ. ಮನುಷ್ಯರ ಊಟಕ್ಕೆ ಇದು ಅಲ್ಲ. ಇದರ ನ್ಯೂಕ್ಲಿಯಿಕ್ ಆಮ್ಲದಿಂದ ನಮ್ಮ ರಕ್ತದಲ್ಲಿ ಯೂರಿಕ್ ಆಮ್ಲ ಏರುತ್ತದೆ. ದನಕ್ಕೆ, ಮೀನಿಗೆ ಅದನ್ನು ಒಡೆಯುವ ಕಿಣ್ವ ಇದೆ, ನಮಗಿಲ್ಲ.

ಹೊರಗೆ ಮಾರುವ ಯೋಚನೆ ಇದ್ದರೆ ನಿಜ ಪ್ರೋಟೀನ್, ಅಫ್ಲಾಟಾಕ್ಸಿನ್, ಸಾಲ್ಮೊನೆಲ್ಲಾ, ಸೀಸ ಮತ್ತು ಆರ್ಸೆನಿಕ್ ಪರೀಕ್ಷೆ ಕಡ್ಡಾಯವಾಗಿ ಮಾಡಿಸಿ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದಲ್ಲಿ ದನದ ಆಹಾರಕ್ಕೆ ಐಎಸ್ 2052, ಕೋಳಿ ಆಹಾರಕ್ಕೆ ಐಎಸ್ 1374 ಇವೆ.

ಉಳಿದ ನೀರು

ಬಸಿದ ತಿಳಿ ನೋಡಲು ಸ್ವಚ್ಛವಿದ್ದರೂ ಹಳ್ಳಕ್ಕೆ ಬಿಡುವಂಥದ್ದಲ್ಲ. ಸಕ್ಕರೆ ಪೂರ್ತಿ ಹೋದರೂ ಕೋಶಗಳನ್ನು ತೆಗೆಯದಿದ್ದರೆ ನೀರಿನ ಸಾವಯವ ಹೊರೆ ಇಳಿಯುವುದು ಮೂರನೇ ಒಂದು ಭಾಗ ಮಾತ್ರ, ಉಳಿದದ್ದು ಯೀಸ್ಟಿನ ರೂಪದಲ್ಲಿ ಅಲ್ಲೇ ಇರುತ್ತದೆ. ಚೆನ್ನಾಗಿ ಕೊಯ್ಲು ಮಾಡಿದಷ್ಟೂ ನೀರು ಹಗುರ. ಹಳ್ಳ, ಹೊಳೆಗೆ ಬಿಡುವ ನೀರಿನಲ್ಲಿ ಬಿಒಡಿ (ಕೊಳೆಯನ್ನು ಸೂಕ್ಷ್ಮಜೀವಿಗಳು ಒಡೆಯಲು ಬೇಕಾಗುವ ಆಮ್ಲಜನಕ) ಲೀಟರಿಗೆ 30 ಮಿಲಿಗ್ರಾಂ, ಸಿಒಡಿ (ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಮ್ಲಜನಕ) 250 ಮಿಲಿಗ್ರಾಂ ಮೀರಬಾರದು. ಭೂಮಿಗೆ ಹಾಯಿಸುವುದಾದರೆ ಬಿಒಡಿ 100. ನಮ್ಮ ತಿಳಿ ನೀರು ಗೋಬರ್ ಗ್ಯಾಸಿಗೆ ಸಗಣಿ ಕದಡಲು ಹೋಗುತ್ತದೆ. ಹೆಚ್ಚಾದದ್ದು ಕಲ್ಲು, ಮರಳು, ಬಾಳೆ ಮತ್ತು ಕಾಬಾಳೆ ನೆಟ್ಟ ಎರಡು ತೊಟ್ಟಿ ದಾಟಿ, ಪರೀಕ್ಷೆಯಲ್ಲಿ ಪಾಸಾದ ಮೇಲೆ ತೋಟಕ್ಕೆ ಇಳಿಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದಲ್ಲಿ ಈ ವ್ಯವಸ್ಥೆಯನ್ನೂ ಬರೆಸಿಕೊಳ್ಳಿ.

ಅನಾನಸ್ ಮುಗಿದ ಮೇಲೆ ತಳಿಯನ್ನು ಬೆಲ್ಲ ಮತ್ತು ಅಗರ್ (ನೀರನ್ನು ಜೆಲ್ಲಿಯಂತೆ ಗಟ್ಟಿ ಮಾಡುವ ಪುಡಿ) ಹಾಕಿದ ನಾಳದಲ್ಲಿ ಓರೆಯಾಗಿ ಬೆಳೆಸಿ ಫ್ರಿಜ್ಜಿನಲ್ಲಿಡಿ, ಎರಡು ತಿಂಗಳಿಗೊಮ್ಮೆ ಹೊಸ ನಾಳಕ್ಕೆ ದಾಟಿಸಿ. ನಾಳದ ಮೇಲೆ ತಾರೀಕು ಮತ್ತು ಎಷ್ಟನೇ ಸಲ ದಾಟಿಸಿದ್ದು ಎಂದು ಬರೆದಿಡಿ. ಐದನೇ ಸಲದ ಮೇಲೆ ನಾನು ಅದನ್ನು ಬಳಸುವುದಿಲ್ಲ, ಹೊಸ ತಳಿ ತರಿಸುತ್ತೇನೆ. ಡಿಫ್ಯೂಸರ್‌ಗಳನ್ನು ಬಿಚ್ಚಿ ನಿಂಬೆ ಹುಳಿಯ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ತೊಳೆದು, ಒಣಗಿಸಿ, ಇಲಿ ಮುಟ್ಟದ ಡಬ್ಬಿಯಲ್ಲಿ ಇಡಿ.